ಉಚಿತ ವಕೀಲರು: ಪ್ಯಾನೆಲ್‌ನವರೇ ಸಾಕಾ, ಪೂರ್ಣಾವಧಿ ಕಚೇರಿ ಬೇಕಾ?

ತುಮಕೂರಿನವ:
ವಕೀಲರ ಫೀಸು ಕೊಡಲಾಗದವರಿಗೆ ಸರ್ಕಾರದ ಖರ್ಚಲ್ಲಿ ವಕೀಲರು ಸಿಗುವುದು ಈಗ ಎರಡು ದಾರಿಯಲ್ಲಿ. ಹಳೆಯದು ಪ್ಯಾನೆಲ್. ಸ್ವಂತ ಕೇಸುಗಳ ಜೊತೆಗೆ ಉಚಿತ ಕೇಸನ್ನೂ ನಡೆಸುವ ವಕೀಲರ ಪಟ್ಟಿ ಅದು. ಹೊಸದು 2022ರಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಅಂದರೆ ನಾಲ್ಸಾ, ದೇಶಕ್ಕೆಲ್ಲ ತಂದ ಪೂರ್ಣಾವಧಿ ಡಿಫೆನ್ಸ್ ಕೌನ್ಸಿಲ್ (ಆರೋಪಿ ಪರ ವಕೀಲರ) ಕಚೇರಿ. ಅಲ್ಲಿನವರಿಗೆ ತಿಂಗಳ ಗೌರವಧನ ಇದೆ, ಖಾಸಗಿ ಪ್ರಾಕ್ಟೀಸ್ ಮಾಡುವಂತಿಲ್ಲ, ಕ್ರಿಮಿನಲ್ ಕೇಸು ಮಾತ್ರ ನೋಡಬೇಕು. ಇನ್ನು ಮುಂದೆ ಕ್ರಿಮಿನಲ್ ಕೇಸುಗಳಲ್ಲಿ ಪ್ಯಾನೆಲ್ ಬೇಡವೇ ಬೇಡ ಅನ್ನುವುದು ನನ್ನ ವಾದ. ಇಡೀ ದಿನ ಅದೇ ಕೆಲಸ ಮಾಡುವವರು ಬೇಕು. ನೀವೇನಂತೀರಿ?

ಧಾರವಾಡ ವಕೀಲೆ:
ಅರ್ಧ ಒಪ್ಪುತ್ತೇನೆ. ಪ್ಯಾನೆಲ್ ವಕೀಲರಿಗೆ ಸಿಗುವ ಫೀಸು ಎಷ್ಟು ಕಮ್ಮಿ ಅಂತ ಕೋರ್ಟಿಗೆ ಹೋಗಿಬರುವ ಎಲ್ಲರಿಗೂ ಗೊತ್ತು, ಅದೂ ಬಿಲ್ ಹಾಕಿ ಕಾಯಬೇಕು. ಹಾಗಾಗಿ ಹಲವರು ಜೂನಿಯರ್‌ನ ಕಳಿಸಿ ವಾಯಿದೆ ತಗೊಂಡು ಬಂದುಬಿಡುತ್ತಾರೆ. ಆದರೆ ಹೊಸ ಕಚೇರಿಯ ನೇಮಕವೂ ಗುತ್ತಿಗೆ ಮೇಲೇ. ಮೊದಲು ಎರಡು ವರ್ಷ, ಆಮೇಲೆ ಕೆಲಸ ನೋಡಿ ವರ್ಷ ವರ್ಷ ಮುಂದುವರಿಸುವುದು. ಪ್ರಾಕ್ಟೀಸ್ ಬಿಟ್ಟು ಬಂದವರು ಗುತ್ತಿಗೆ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು? ಅನುಭವ ಇರುವವರು ಬರಬೇಕು ಅಂದರೆ ಅವರಿಗೆ ಒಂದು ಭದ್ರತೆ ಬೇಕಲ್ವಾ?

ಕೋಲಾರದ ಓದುಗ:
ನಮ್ಮ ಸಂಬಂಧಿಕರ ಹುಡುಗ ಒಬ್ಬ ಕಳ್ಳತನದ ಕೇಸಲ್ಲಿ ಒಳಗಿದ್ದ. ಉಚಿತ ವಕೀಲರು ಸಿಕ್ಕರು, ಜಾಮೀನೂ ಆಯಿತು. ಆದರೆ ಶ್ಯೂರಿಟಿ ಕೊಡೋರು ಯಾರೂ ಇರಲಿಲ್ಲ, ಪಹಣಿ ತಂದು ನಿಲ್ಲೋಕೆ ಊರಲ್ಲಿ ಯಾರೂ ಒಪ್ಪಲಿಲ್ಲ. ಆದೇಶ ಕೈಯಲ್ಲಿದ್ದರೂ ಅವನು ಜೈಲಲ್ಲೇ ಇದ್ದ. ಆಮೇಲೆ ಏನು ಮಾಡಬೇಕು ಅಂತ ವಕೀಲರೂ ಹೇಳಲಿಲ್ಲ, ಜೈಲಿನವರೂ ಹೇಳಲಿಲ್ಲ. ಪ್ಯಾನೆಲ್ಲೋ ಕಚೇರಿಯೋ ಅನ್ನೋದಕ್ಕಿಂತ ಇದು ನನಗೆ ದೊಡ್ಡ ಪ್ರಶ್ನೆ.

ಧಾರವಾಡ ವಕೀಲೆ:
ಕೋಲಾರದವರೇ, ಇದಕ್ಕೆ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ದಾರಿ ಹೇಳಿದೆ. ಜಾಮೀನು ಸಿಕ್ಕು 7 ದಿನದೊಳಗೆ ಕೈದಿ ಹೊರಗೆ ಬರದಿದ್ದರೆ ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ಒಬ್ಬ ಸ್ವಯಂಸೇವಕರನ್ನೋ ವಕೀಲರನ್ನೋ ಜೈಲಿಗೆ ಕಳಿಸಿ ಬಿಡುಗಡೆಗೆ ನೆರವಾಗಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟೇ ತಾನಾಗಿ ಯೋಚಿಸಬಹುದು ಅಂತಲೂ ಇದೆ. ಅಂಥ ಕುಟುಂಬ ಯಾವುದಾದರೂ ಇದ್ದರೆ 15100ಕ್ಕೆ ಫೋನ್ ಮಾಡಿಸಿ, ಅದು ಉಚಿತ ಸಹಾಯವಾಣಿ.

ತುಮಕೂರಿನವ:
ನಾನು ಹೇಳೋದೂ ಅದೇ ಮೇಡಂ! ಇಂಥದ್ದನ್ನು ಬೆನ್ನುಹತ್ತಿ ಮಾಡಿಸೋಕೆ ಕಚೇರಿ ಬೇಕು. ಬೆಳಿಗ್ಗೆ ಆಸ್ತಿ ಕೇಸು, ಮಧ್ಯಾಹ್ನ ಚೆಕ್ ಬೌನ್ಸು ಅಂತ ಓಡಾಡುವ ಪ್ಯಾನೆಲ್ ವಕೀಲರಿಗೆ ಜೈಲಿಗೆ ಹೋಗಿ ವಿಚಾರಿಸುವ ಪುರುಸೊತ್ತು ಎಲ್ಲಿರುತ್ತದೆ? ರಿಮಾಂಡ್ ದಿನವೇ ನೋಡಿ. ಆರೋಪಿಯನ್ನು ಮೊದಲ ಸಲ ಮ್ಯಾಜಿಸ್ಟ್ರೇಟ್ ಮುಂದೆ ತಂದಾಗಲೇ ವಕೀಲರು ಸಿಗಬೇಕು, ದುಡ್ಡಿಲ್ಲ ಅಂತ ಸರ್ಕಾರ ನೆಪ ಹೇಳುವಂತಿಲ್ಲ ಅಂತ 1981ರಲ್ಲಿ ಬಿಹಾರದ ಖತ್ರಿ ಕೇಸಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮತ್ತೆ 1986ರಲ್ಲಿ ಅರುಣಾಚಲದ ಸುಕ್ ದಾಸ್ ಕೇಸು. ಅವನು ವಕೀಲ ಬೇಕು ಅಂತ ಕೇಳಲೇ ಇಲ್ಲ, ಕೇಳಬಹುದು ಅಂತ ಅವನಿಗೆ ಯಾರೂ ಹೇಳಿರಲೂ ಇಲ್ಲ. ಅದಕ್ಕೇ ಶಿಕ್ಷೆ ರದ್ದಾಯಿತು. ಕೇಳದವನಿಗೂ ಕೊಡಬೇಕು ಅನ್ನುವ ಮಟ್ಟಕ್ಕೆ ಕಾನೂನು ಬಂದು ಇಷ್ಟು ವರ್ಷ ಆಗಿದೆ.

ಹಳೇ ಶಿರಸ್ತೇದಾರ್:
ಎಲ್ಲರೂ ವಕೀಲರ ಬಗ್ಗೆಯೇ ಮಾತಾಡ್ತಿದ್ದೀರಿ. ನಾನು ಕೋರ್ಟಲ್ಲಿ ಕೆಲಸ ಮಾಡಿದವನು, ಗಮನ ಎಲ್ಲಿ ಹೋಗುತ್ತಿತ್ತು ಅಂತ ಹೇಳುತ್ತೇನೆ. ಲೋಕ ಅದಾಲತ್! ಅದು ಬಂತು ಅಂದರೆ ಎಷ್ಟು ಕೇಸು ಮುಗಿಸಿದಿರಿ ಅನ್ನುವ ಲೆಕ್ಕವೇ ಮುಖ್ಯ. ಅದಾಲತ್‌ನಿಂದ ಜನಕ್ಕೆ ಉಪಕಾರ ಇದೆ, ಕೋರ್ಟ್ ಫೀಸು ವಾಪಸ್ ಬರುತ್ತದೆ, ಅಲ್ಲಿನ ಅವಾರ್ಡಿಗೆ, ಅಂದರೆ ರಾಜಿ ಆದೇಶಕ್ಕೆ, ಕೋರ್ಟಿನ ಡಿಕ್ರಿಯ ಬೆಲೆ ಇದೆ. ಆದರೆ ಅದರ ಮೇಲೆ ಅಪೀಲಿಲ್ಲ. ಅಪಘಾತದಲ್ಲಿ ಗಂಡನ್ನ ಕಳೆದುಕೊಂಡ ಹೆಂಗಸು ಇನ್ಶೂರೆನ್ಸ್ ಕಂಪನಿಯ ವಕೀಲರ ಎದುರು ಕೂತು ರಾಜಿಗೆ ಸಹಿ ಹಾಕುವಾಗ, ಈ ಮೊತ್ತ ಕಮ್ಮಿ ಆಯಿತು ತಾಯಿ, ಒಪ್ಪಬೇಡಿ ಅಂತ ಹೇಳೋಕೆ ಪಕ್ಕದಲ್ಲಿ ಒಬ್ಬರು ಇರಬೇಕು. ನೆರವು ಅಂದರೆ ಅದು. ಎಷ್ಟು ಕೇಸು ರಾಜಿಯಾಯಿತು ಅಂತ ಎಣಿಸುವವರು ಎಷ್ಟು ಜನಕ್ಕೆ ಸರಿಯಾದ ಹಣ ಸಿಕ್ಕಿತು ಅಂತಲೂ ಎಣಿಸಲಿ.

ಮಂಗಳೂರು ಲಾ ಸ್ಟೂಡೆಂಟ್:
ನನಗೆ ಬೇರೆ ಅನುಮಾನ ಇದೆ. ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರು. ಡಿಫೆನ್ಸ್ ಕೌನ್ಸಿಲ್ ಆರಿಸುವುದರಲ್ಲೂ ಅವರ ಮಾತೇ ನಡೆಯುತ್ತದೆ. ಅದೇ ವಕೀಲರು ಮಾರನೇ ದಿನ ಅವರ ಮುಂದೆಯೇ ವಾದ ಮಾಡಬೇಕು. ಗುತ್ತಿಗೆ ಮುಂದುವರಿಯೋದು ಅವರ ಕೈಲಿ ಇದ್ದಾಗ, ಈ ಆದೇಶ ತಪ್ಪು ಸ್ವಾಮಿ ಅಂತ ಗಟ್ಟಿಯಾಗಿ ಹೇಳೋಕೆ ಎಷ್ಟು ಜನಕ್ಕೆ ಧೈರ್ಯ ಬರುತ್ತದೆ?

ಹಳೇ ಶಿರಸ್ತೇದಾರ್:
ಹಾಗಂತ ಸರ್ಕಾರದ ಇಲಾಖೆಗೆ ಕೊಡೋಣವಾ ತಮ್ಮಾ? ಕೇಸು ಹಾಕಿರೋದೇ ಸರ್ಕಾರ, ಪೊಲೀಸರೂ ಸರ್ಕಾರ, ಪ್ರಾಸಿಕ್ಯೂಟರೂ ಸರ್ಕಾರ. ಆರೋಪಿಯ ವಕೀಲರೂ ಅವರ ಕೈಕೆಳಗೆ ಬಂದರೆ ಇನ್ನೂ ಕಷ್ಟ. ಜಡ್ಜ್‌ಗಳ ಕೈಲಿರೋದೇ ವಾಸಿ.

ಮಂಗಳೂರು ಲಾ ಸ್ಟೂಡೆಂಟ್:
ಇಲಾಖೆ ಬೇಡ ಸರ್, ಅದನ್ನು ಒಪ್ಪುತ್ತೇನೆ. ನೇಮಕ ಮತ್ತು ಮುಂದುವರಿಕೆ ರಾಜ್ಯ ಪ್ರಾಧಿಕಾರದ ಮಟ್ಟದಲ್ಲಿ ಆಗಲಿ, ದಿನಾ ಕೇಸು ಕೇಳುವವರ ಕೈಲಿ ಬೇಡ ಅಂತಷ್ಟೇ ನಾನು ಕೇಳ್ತಿರೋದು. ಕಕ್ಷಿದಾರರ ಅಭಿಪ್ರಾಯವನ್ನೂ ಕೇಳಲಿ, ಈಗ ಅವರನ್ನು ಯಾರೂ ಸರಿಯಾಗಿ ಕೇಳುವುದಿಲ್ಲ.

ಕೋಲಾರದ ಓದುಗ:
ಒಂದು ವಿಷಯ ಸ್ಪಷ್ಟ ಮಾಡಿ. ನನ್ನ ಅಕ್ಕನಿಗೆ ಗಂಡನ ಮನೆಯವರ ಮೇಲೆ ಜೀವನಾಂಶದ ಕೇಸು ಹಾಕಬೇಕು. ಅವಳಿಗೆ ಸಣ್ಣ ಸಂಬಳ ಇದೆ, ಅದಕ್ಕೇ ಉಚಿತ ವಕೀಲರು ಸಿಗಲ್ಲ ಅಂತ ಯಾರೋ ಹೇಳಿದರು.

ಧಾರವಾಡ ವಕೀಲೆ:
ತಪ್ಪು ಹೇಳಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ನಿಮ್ಮ ಅಕ್ಕನಿಗೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ ಅರ್ಜಿ ಕೊಡಲು ಹೇಳಿ. ಬರೆಯಲು ಕಷ್ಟ ಅಂದರೆ ಬಾಯಲ್ಲಿ ಹೇಳಿದರೂ ಅಲ್ಲಿ ಬರೆದುಕೊಳ್ಳಬೇಕು. ತುಮಕೂರಿನವರೇ, ಇದು ಕ್ರಿಮಿನಲ್ ಕೇಸಲ್ಲ, ಹಾಗಾಗಿ ಇವರಿಗೆ ಬರುವವರು ಪ್ಯಾನೆಲ್ ವಕೀಲರೇ. ಪ್ಯಾನೆಲ್ ಬೇಡ ಅನ್ನುವ ಬದಲು ಅವರ ಫೀಸು ಹೆಚ್ಚಿಸಿ ಅಂತ ನೀವೂ ದನಿ ಸೇರಿಸಬೇಕು.

ತುಮಕೂರಿನವ:
ಸಿವಿಲ್ ಕೇಸಿಗೆ ಖಂಡಿತ ಸೇರಿಸುತ್ತೇನೆ ಮೇಡಂ. ಕ್ರಿಮಿನಲ್‌ಗೆ ಮಾತ್ರ ನನ್ನ ಮಾತು ಬದಲಿಲ್ಲ.