ಅಪ್‌ಡೇಟ್: ಕರಾಟೆ ಮಕ್ಕಳಿಗೆ ನೋಟ್ಸ್ ಮತ್ತೆ ಶುರು

ಕ್ಲಾಸಲ್ಲಿ ಹೇಳಿದ್ದನ್ನ ಮಕ್ಕಳು ಮನೆ ಮುಟ್ಟೋಷ್ಟರಲ್ಲಿ ಮರೀತಾರೆ, ನಿಲ್ಲಿಸಿದ್ದ ನೋಟ್ಸ್ ಮತ್ತೆ ಬರೀಲಾ ಇಲ್ಲ ವಿಡಿಯೋ ಸಾಕಾ ಅಂತ ಕೇಳಿದ್ನಲ್ಲ, ಬರೆಯೋಕೇ ಕೂತೆ. ವಿಡಿಯೋ ಕೊಟ್ರೆ ಬರೀ ಸ್ಪೀಡ್ ಕಾಪಿ ಹೊಡೀತಾರೆ, ಕಾಲು ನೋಡಲ್ಲ. ಮೊದಲನೇದು ಹೇಯಾನ್ ಶೋದಾನ್ ಅನ್ನೋ ಕಾಟಾ (ಒಂದೇ ಕ್ರಮದಲ್ಲಿ ಮಾಡೋ ಚಲನೆಗಳ ಸರಣಿ): 21 ಚಲನೆ, ಕಿಯಾಯ್ (ಜೋರು ಕೂಗು) 9 ಮತ್ತು 17ನೇ ಚಲನೇಲಿ, ಜೆಂಕುತ್ಸು ದಾಚಿಲಿ (ಮುಂದಿನ ಕಾಲು ಮಡಚಿ ನಿಲ್ಲೋ ಭಂಗಿ) ಹಿಂದಿನ ಮಂಡಿ ಮಡಚಿದ್ರೆ ಪಂಚಿಗೆ ಬಲವೇ ಬರಲ್ಲ, ಹಿಮ್ಮಡಿ ಎತ್ಲೇಬಾರ್ದು, ಇದನ್ನೆಲ್ಲ ಕನ್ನಡದಲ್ಲೇ ಬಿಡಿಸಿ ಬರೆದೆ. ಜೊತೆಗೆ ಜಪಾನಿನ ಒಕಿನಾವಾದ ಕರಾಟೆ ಗುರು ಇತೊಸು ಇದನ್ನ ಪಿನಾನ್ ಅಂತ ಸ್ಕೂಲ್ ಮಕ್ಕಳಿಗೇ ಮಾಡಿದ್ದು, ಹೇಯಾನ್ ಅಂತ ಹೆಸರು ಬದಲಾಯಿಸಿದ್ದು ಅವ್ರ ಶಿಷ್ಯ ಫುನಾಕೋಶಿ ಅನ್ನೋದನ್ನೂ ಸೇರಿಸಿದೆ. ಯೆಲ್ಲೋ ಬೆಲ್ಟ್ ಹುಡುಗಿ ಒಬ್ಳು "ಸರ್, ಆ ಸ್ಕೂಲ್ ಮಕ್ಕಳಿಗೂ ಹೋಮ್‌ವರ್ಕ್ ಇತ್ತಾ?" ಅಂದ್ಲು 😄 ಬೆಲ್ಟ್ ಟೆಸ್ಟ್ ಮುಗೀಲಿ, ಆಮೇಲೆ ಎರಡನೇ ಕಾಟಾ ಹೇಯಾನ್ ನಿದಾನ್ ನೋಟ್ಸ್.