ಮಗಳಿಗೆ ಸಮುದ್ರದ ಮೀನು ತೋರಿಸಬೇಕು, ಮಂಗಳೂರಿನಲ್ಲಿ ಎಲ್ಲಿಗೆ ಹೋಗಲಿ?

ಶಾಂತಳ್ಳಿ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ತಾಲ್ಲೂಕು, ಶಾಂತಳ್ಳಿ ಕಡೆ. ಮಗಳು ಮೂರನೇ ಕ್ಲಾಸು. ಇನ್ನೂ ಸಮುದ್ರ ನೋಡಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಇದು ಶುರುವಾದದ್ದು ಮಲ್ಲಳ್ಳಿ ಜಲಪಾತದ ಹತ್ತಿರ. "ಈ ನೀರು ಎಲ್ಲಿಗೆ ಹೋಗುತ್ತೆ ಅಮ್ಮ?" ಅಂದಳು. ಕಾವೇರಿಗೆ ಅಂದೆ. ಕೊಡಗಿನವರ ಬಾಯಿಗೆ ಮೊದಲು ಬರುವುದು ಅದೇ ಅಲ್ವಾ. ಮನೆಗೆ ಬಂದಾಗ ಮಾವ ತಿದ್ದಿದರು. ಅದು ಕುಮಾರಧಾರೆ, ಸುಬ್ರಹ್ಮಣ್ಯದ ಮೇಲೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ಮಂಗಳೂರಿನಲ್ಲಿ ಕಡಲಿಗೆ ಹೋಗುತ್ತೆ ಅಂದರು. ಅವತ್ತಿನಿಂದ ಇವಳದು ಒಂದೇ ಹಟ. ನಮ್ಮ ನೀರು ಸಮುದ್ರ ಸೇರುವ ಜಾಗ ನೋಡಬೇಕು, ಅಲ್ಲಿನ ಮೀನು ನೋಡಬೇಕು.

ಹೋದ ವರ್ಷ ಒಂದು ಎಕ್ಸಿಬಿಷನ್‌ನಲ್ಲಿ ಗಾಜಿನ ಸುರಂಗದ ಅಕ್ವೇರಿಯಂ ನೋಡಿದ್ದೆವು. ನೀರೆಲ್ಲ ಕದಡಿತ್ತು. ಒಂದು ಮೀನು ಮಗ್ಗುಲಾಗಿ ತೇಲುತ್ತಿತ್ತು. "ಅದಕ್ಕೆ ಹುಷಾರಿಲ್ಲ" ಅಂತ ಇವಳು ಅಲ್ಲಿಂದ ಕದಲಲೇ ಇಲ್ಲ. ಗೇಟಿನವರಿಗೆ ಹೇಳಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಅಂಥದ್ದನ್ನು ಮತ್ತೆ ತೋರಿಸಲು ಮನಸ್ಸಿಲ್ಲ. ಎರಡು ದಿನ ಇದೆ. ಭಾನುವಾರ ಹೊರಟು ಸೋಮವಾರ ಪಿಲಿಕುಳ ನೋಡೋಣ ಅಂದುಕೊಂಡಿದ್ದೇನೆ. ಗೊತ್ತಿರುವವರು ಹೇಳಿ.

ಬಂದರಿನ ಹುಡುಗ:
ಅಕ್ಕ, ಮೊದಲು ದಿನ ಬದಲಿಸಿ. ಪಿಲಿಕುಳದ ಮೃಗಾಲಯಕ್ಕೆ ಸೋಮವಾರ ರಜೆ. ಶನಿವಾರ ಬೆಳಗ್ಗೆ ಬೇಗ ಹೊರಡಿ. ತುಳುವಿನಲ್ಲಿ ಪಿಲಿ ಅಂದ್ರೆ ಹುಲಿ, ಕುಳ ಅಂದ್ರೆ ಕೊಳ. ಹುಲಿ ನೀರು ಕುಡಿಯಲು ಬರುತ್ತಿದ್ದ ಕೆರೆ ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಕಾಳಿಂಗ ಸರ್ಪಗಳನ್ನು ಮರಿ ಮಾಡಿಸಿದ ಜಾಗ ಅದು. ಅರ್ಧ ದಿನವಾದರೂ ಇಟ್ಟುಕೊಳ್ಳಿ, ನಡೆಯುವುದು ಜಾಸ್ತಿ.

ಮೀನಿಗೆ ನನ್ನ ಮಾತು ಕೇಳಿ, ಮಾರನೇ ದಿನ ಬೆಳಕು ಹರಿಯುವಾಗಲೇ ಧಕ್ಕೆಗೆ, ಅಂದ್ರೆ ಮೀನುಗಾರಿಕಾ ಬಂದರಿಗೆ ಬನ್ನಿ. ಬೋಟುಗಳು ಮೀನು ಇಳಿಸುವ ಹೊತ್ತು. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ (ಪಾಂಫ್ರೆಟ್), ಬೊಂಡಾಸ್ (ಸ್ಕ್ವಿಡ್), ಅದೃಷ್ಟವಿದ್ದರೆ ಚಾಪೆಯಷ್ಟು ಅಗಲದ ತೊರಕೆ, ಅಂದ್ರೆ ಚಪ್ಪಟೆ ಮೈಯ ರೇ ಮೀನು. ಜೀವಂತ ಮೀನಲ್ಲ, ನಿಜ. ಆದರೆ ಅಷ್ಟು ಬಗೆ ಒಟ್ಟಿಗೆ ಬೇರೆಲ್ಲೂ ಸಿಗುವುದಿಲ್ಲ. ನನ್ನ ಅಪ್ಪ ಒಂದೊಂದರ ಹೆಸರು ಕಲಿಸಿದ್ದು ಅಲ್ಲೇ. ನೆಲ ಜಾರುತ್ತದೆ, ಮಗುವಿನ ಕೈ ಬಿಡಬೇಡಿ. ಜೂನ್, ಜುಲೈ ಆದರೆ ಬರಬೇಡಿ, ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದೆ.

ಸಂಜೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಗುರುಪುರ ನದಿ ದಾಟಿದರೆ ತಣ್ಣೀರುಬಾವಿ. ಅಲ್ಲಿಂದ ದಕ್ಷಿಣಕ್ಕೆ ಬೆಂಗ್ರೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು. ಬೆಂಗ್ರೆಯ ತುದಿಯಲ್ಲಿ ಅಳಿವೆ, ನದಿ ಕಡಲು ಸೇರುವ ಬಾಯಿ. ನಿಮ್ಮ ಕುಮಾರಧಾರೆಯನ್ನು ಒಳಗೊಂಡ ನೇತ್ರಾವತಿಯೂ ನಮ್ಮ ಗುರುಪುರ ಹೊಳೆಯೂ ಒಂದೇ ಬಾಗಿಲಲ್ಲಿ ಸಮುದ್ರಕ್ಕೆ ಹೋಗುತ್ತವೆ. ಮಗಳು ಕೇಳಿದ್ದು ಆ ಜಾಗವನ್ನೇ.

2024ರಲ್ಲಿ ತಣ್ಣೀರುಬಾವಿ, ಸಸಿಹಿತ್ಲು ಕಡೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಟ್ಟಿದ್ದವು. ಮರಳಿನ ಮೇಲೆ ಬಲೆ ಕಟ್ಟಿ ಬೇಲಿ ಹಾಕಿದ್ದು ಕಂಡರೆ ದೂರದಿಂದ ನೋಡಿ ಸಾಕು. ಕತ್ತಲಾದ ಮೇಲೆ ಟಾರ್ಚ್ ಬಿಡಬೇಡಿ, ಆಮೆ ಹೆದರಿ ವಾಪಸ್ ಹೋಗಿಬಿಡುತ್ತದೆ.

ಕೊಡ್ಲಿಪೇಟೆ ಮೇಷ್ಟ್ರು:
ಅಮ್ಮಾ, ಮಡಿಕೇರಿ ಮೇಲೆ ಹೋಗಬೇಡಿ, ಬಿಸಿಲೆ ಘಾಟಿಯಲ್ಲಿ ಇಳಿಯಿರಿ. ಬಿಸಿಲೆಗೆ ಮೊದಲು ಮಂಕನಹಳ್ಳಿಯಲ್ಲಿ ಒಂದು ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಬದಿಗೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ. ಮಕ್ಕಳನ್ನು ಅಲ್ಲಿ ನಿಲ್ಲಿಸಿ ತೋರಿಸಿದರೆ ಪಾಠ ಬೇರೆ ಬೇಕಾಗಿಲ್ಲ.

ಬದುಕಿರುವ ಮೀನು ಬೇಕಾದರೆ ವಾಪಸ್ ಬರುವಾಗ ಶಿಶಿಲಕ್ಕೆ ಹೋಗಿ. ದೇವಸ್ಥಾನದ ಮುಂದಿನ ಹೊಳೆಯಲ್ಲಿ ದೇವರ ಮೀನು, ಅಂದರೆ ಮಹಶೀರ್, ಹಿಂಡು ಹಿಂಡಾಗಿ ಬರುತ್ತವೆ. ಅಲ್ಲಿ ಯಾರೂ ಹಿಡಿಯುವುದಿಲ್ಲ. ಆ ಎಕ್ಸಿಬಿಷನ್ ಮೀನಿಗಾಗಿ ಮರುಗಿದ ಮಗುವಿಗೆ ಇದನ್ನು ತೋರಿಸಲೇಬೇಕು.

ಶಾಂತಳ್ಳಿ ಅಮ್ಮ:
ಹೋಗಿ ಬಂದೆವು. ದಿನ ಬದಲಿಸಿದ್ದು ಬಹಳ ಒಳ್ಳೆಯದಾಯಿತು. ಮಂಕನಹಳ್ಳಿಯಲ್ಲಿ ಬಾಟಲಿಯ ನೀರನ್ನು ಎರಡೂ ಕಡೆ ಸಮವಾಗಿ ಸುರಿದಳು, ಒಂದು ಕಡೆ ಜಾಸ್ತಿ ಆಗಬಾರದಂತೆ. ಧಕ್ಕೆಯಲ್ಲಿ ತೊರಕೆ ಸಿಗಲಿಲ್ಲ, ಮಾಂಜಿ ನೋಡಿದಳು. ಒಬ್ಬ ಅಕ್ಕ ಬುಟ್ಟಿ ಇಳಿಸಿ, ಅವಳ ಅಂಗೈ ಮೇಲೆ ಬೂತಾಯಿ ಇಟ್ಟು ಹೆಸರು ಹೇಳಿಸಿದರು.

ಬೆಂಗ್ರೆ ತುದಿಯಲ್ಲಿ ಹೊಳೆಯ ನೀರನ್ನು ಬಾಯಿಗೆ ಹಾಕಿ ಉಪ್ಪು ಅಂದಳು. "ಮಲ್ಲಳ್ಳಿ ನೀರು ಇದರಲ್ಲಿ ಯಾವುದು?" ಅಂತ ಬಹಳ ಹೊತ್ತು ಹುಡುಕಿದಳು. ನನಗೂ ತೋರಿಸಲು ಆಗಲಿಲ್ಲ. ಇಬ್ಬರೂ ಸುಮ್ನೆ ನೋಡುತ್ತಾ ಕೂತೆವು.

ಶಿಶಿಲಕ್ಕೆ ಸಮಯ ಸಾಲಲಿಲ್ಲ, ಮೇಷ್ಟ್ರೇ. ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಹೋಗುತ್ತೇವೆ.