ಆನ್ಸಿಬಲ್: ಶೆಲ್ ಟಾಸ್ಕ್ ಸಾಕಾ, ಮಾಡ್ಯೂಲೇ ಬೇಕಾ?

ಕಡಲತಡಿ:
ನಮ್ಮದು 12 ಸರ್ವರ್, ಎಲ್ಲವನ್ನೂ ಒಂದೇ ಕಡೆಯಿಂದ ಸಜ್ಜುಮಾಡಲು ಆನ್ಸಿಬಲ್ ಬಳಸುತ್ತೇವೆ. ಹಳೆಯ ಬ್ಯಾಶ್ ಸ್ಕ್ರಿಪ್ಟ್‌ನ ಸಾಲುಗಳನ್ನೆಲ್ಲ ಶೆಲ್ ಟಾಸ್ಕ್ (ಕಮಾಂಡನ್ನು ಹಾಗೇ ಓಡಿಸುವ ಹಂತ) ಮಾಡಿ ಪ್ಲೇಬುಕ್‌ಗೆ (ಹಂತಗಳನ್ನು ಬರೆದಿಡುವ ಫೈಲ್) ಹಾಕಿದ್ದೇನೆ. ಕೆಲಸ ಆಗುತ್ತಿದೆ. ಎಲ್ಲವನ್ನೂ ಮಾಡ್ಯೂಲ್‌ಗೆ (ಒಂದೊಂದು ಬಗೆಯ ಕೆಲಸಕ್ಕೆ ಆನ್ಸಿಬಲ್ ಕೊಡುವ ಸಿದ್ಧ ತುಣುಕು) ಬದಲಾಯಿಸಿ ಅಂತ ಟೀಮಿನಲ್ಲಿ ಒಬ್ಬರು ಹಟ ಹಿಡಿದಿದ್ದಾರೆ. ಅಷ್ಟು ಸಮಯ ಹಾಕಬೇಕಾ?

ರಾತ್ರಿಪಾಳಿ:
ಹಾಕಿ. ಅದೇ ಪ್ಲೇಬುಕ್ ಎರಡನೇ ಸಲ ಓಡಿಸಿ ನೋಡಿ. ಏನೂ ಬದಲಾಗದಿದ್ದರೂ ಶೆಲ್ ಟಾಸ್ಕ್‌ಗಳೆಲ್ಲ ‘ಚೇಂಜ್ಡ್’ ಅಂತ ಹಳದಿಯಲ್ಲೇ ಬರುತ್ತವೆ. ನಿಜವಾಗಿ ಬದಲಾಗಿದ್ದು ಯಾವುದು ಅಂತ ಹೇಗೆ ಗೊತ್ತಾಗಬೇಕು? ನಾನು ಎಕೋ ಬಳಸಿ ಹೋಸ್ಟ್ಸ್ ಫೈಲಿಗೆ ಒಂದು ಸಾಲು ಸೇರಿಸುತ್ತಿದ್ದೆ. ಒಂದು ದಿನ ಫೈಲ್ ತೆರೆದರೆ ಅದೇ ಸಾಲು 17 ಸಲ ಇತ್ತು, ಪ್ರತಿ ಡಿಪ್ಲಾಯ್‌ಗೂ ಒಂದೊಂದು. ಲೈನ್‌ಇನ್‌ಫೈಲ್ ಮಾಡ್ಯೂಲ್ ಆದರೆ ಸಾಲು ಮೊದಲೇ ಇದ್ದಾಗ ಸುಮ್ಮನಿರುತ್ತದೆ.

ಕಡಲತಡಿ:
ಆ ಸಾಲು ಇದೆಯಾ ಅಂತ ಮೊದಲು ಗ್ರೆಪ್ ಮಾಡಿ (ಫೈಲಿನಲ್ಲಿ ಹುಡುಕಿ) ನೋಡಿದರೆ ಆಯ್ತಲ್ವಾ?

ಮಲೆನಾಡು ಮಳೆ:
ಒಂದೆರಡು ಕಡೆ ಸರಿ. ಆದರೆ ಚೆಕ್ ಮೋಡ್‌ನಲ್ಲಿ (ಏನೂ ಬದಲಿಸದೆ, ಏನು ಬದಲಾಗುತ್ತದೆ ಅಂತ ಮಾತ್ರ ತೋರಿಸುವ ಓಟ) ಶೆಲ್ ಟಾಸ್ಕ್‌ಗಳನ್ನು ಆನ್ಸಿಬಲ್ ಸಾಮಾನ್ಯವಾಗಿ ಬಿಟ್ಟು ಮುಂದೆ ಹೋಗುತ್ತದೆ. ನಿಮ್ಮ ಪ್ಲೇಬುಕ್ ಪೂರ್ತಿ ಶೆಲ್ ಆದ್ದರಿಂದ ಡಿಪ್ಲಾಯ್‌ಗೆ ಮುಂಚೆ ಏನೂ ಕಾಣುವುದಿಲ್ಲ.

ಬಯಲುಸೀಮೆ:
ಶೆಲ್ಲಾ ಮಾಡ್ಯೂಲಾ ಅನ್ನುವುದಕ್ಕೇ ಮುಗಿಯುವುದಿಲ್ಲ. ನನಗೆ ಪೆಟ್ಟು ಕೊಟ್ಟಿದ್ದು ಹ್ಯಾಂಡ್ಲರ್, ಅಂದರೆ ಬೇರೆ ಟಾಸ್ಕ್ ಏನಾದರೂ ಬದಲಿಸಿದಾಗ ಮಾತ್ರ ಓಡುವ ಟಾಸ್ಕ್. ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಕಾನ್ಫಿಗ್‌ಗೆ ಟೆಂಪ್ಲೇಟ್ ಮಾಡ್ಯೂಲ್ (ಮಾದರಿಯಿಂದ ಫೈಲ್ ಬರೆಯುವುದು) ಹಾಕಿದ್ದೆ. ಫೈಲ್ ಬದಲಾದರೆ ರೀಲೋಡ್ ಆಗಲಿ ಅಂತ ನೋಟಿಫೈ (ಹ್ಯಾಂಡ್ಲರ್‌ಗೆ ಕರೆ) ಕೂಡ ಇತ್ತು. ಫೈಲ್ ಬದಲಾಯಿತು. ಮುಂದಿನ ಟಾಸ್ಕ್ ಪ್ಯಾಕೇಜ್ ಇಳಿಸುವಾಗ ಫೇಲ್ ಆಯಿತು. ಹ್ಯಾಂಡ್ಲರ್ ಓಡುವುದು ಪ್ಲೇ (ಪ್ಲೇಬುಕ್‌ನ ಒಂದು ಭಾಗ) ಕೊನೆಯಲ್ಲಿ, ಫೇಲ್ ಆದ ಸರ್ವರ್‌ನಲ್ಲಿ ಓಡುವುದೇ ಇಲ್ಲ. ಸರಿಪಡಿಸಿ ಮತ್ತೆ ಓಡಿಸಿದೆ. ಅಷ್ಟರಲ್ಲಿ ಫೈಲ್ ಹೊಸದಾಗಿಯೇ ಇತ್ತಲ್ಲ, ಟೆಂಪ್ಲೇಟ್ ‘ಓಕೆ’ ಅಂದಿತು, ನೋಟಿಫೈ ಆಗಲಿಲ್ಲ. ಪರದೆಯ ಮೇಲೆ ಎಲ್ಲ ಹಸಿರು. ಎಂಜಿನ್‌ಎಕ್ಸ್ ಮಾತ್ರ ಹಳೆಯ ಕಾನ್ಫಿಗ್‌ನಲ್ಲೇ ನಡೆಯುತ್ತಿತ್ತು. ನನಗೆ ಗೊತ್ತಾಗಲು ಎರಡು ದಿನ ಬೇಕಾಯಿತು.

ರಾತ್ರಿಪಾಳಿ:
ಫೋರ್ಸ್ ಹ್ಯಾಂಡ್ಲರ್ಸ್ ಆನ್ ಮಾಡಿದರೆ ಫೇಲ್ ಆದರೂ ಓಡುತ್ತದಲ್ಲ?

ಬಯಲುಸೀಮೆ:
ಓಡುತ್ತದೆ. ಆದರೆ ಆ್ಯಪ್ ರೀಸ್ಟಾರ್ಟ್ ಮಾಡುವ ಹ್ಯಾಂಡ್ಲರ್ ಇದ್ದರೆ ಅರ್ಧಕ್ಕೆ ನಿಂತ ಡಿಪ್ಲಾಯ್ ಮೇಲೆ ಅದೂ ಓಡಿಬಿಡುತ್ತದೆ. ನನಗೆ ಅದೇ ಜಾಸ್ತಿ ಭಯ. ಹಾಗಾಗಿ ಟೆಂಪ್ಲೇಟ್ ಆದ ತಕ್ಷಣ ‘ಎಂಜಿನ್‌ಎಕ್ಸ್ -ಟಿ’ ಓಡಿಸಿ ಕಾನ್ಫಿಗ್ ಪರೀಕ್ಷೆ ಮಾಡುತ್ತೇನೆ, ಅದರ ಕೆಳಗೇ ಫ್ಲಶ್ ಹ್ಯಾಂಡ್ಲರ್ಸ್, ಕಾಯುತ್ತಿರುವ ಹ್ಯಾಂಡ್ಲರ್ ಅಲ್ಲೇ ಓಡಲಿ ಅಂತ. ಆ ಪರೀಕ್ಷೆ ಕಮಾಂಡ್ ಟಾಸ್ಕೇ. ಅದು ‘ಚೇಂಜ್ಡ್’ ಅಂತ ಬರದಿರಲಿ ಅಂತ ಚೇಂಜ್ಡ್ ವೆನ್‌ಗೆ ಫಾಲ್ಸ್ ಕೊಟ್ಟಿದ್ದೇನೆ, ಅಷ್ಟೇ.

ಮಲೆನಾಡು ಮಳೆ:
ಇದು ಸರಿಯಾದ ದಾರಿ. ರೀಸ್ಟಾರ್ಟ್ ಬದಲು ರೀಲೋಡ್ ಇಟ್ಟಿರುವುದೂ ಒಳ್ಳೆಯದೇ. ಕಾನ್ಫಿಗ್ ತಪ್ಪಿದ್ದರೆ ರೀಲೋಡ್ ಆಗುವುದಿಲ್ಲ, ಹಳೆಯದೇ ನಡೆಯುತ್ತಿರುತ್ತದೆ, ಸೈಟ್ ಬೀಳುವುದಿಲ್ಲ.

ಕಡಲತಡಿ:
ಹ್ಯಾಂಡ್ಲರ್ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಪ್ಯಾಕೇಜ್, ಟೆಂಪ್ಲೇಟ್, ಸರ್ವಿಸ್ ಈ ಮೂರನ್ನು ಈ ವಾರವೇ ಬದಲಾಯಿಸುತ್ತೇನೆ. ಡೇಟಾಬೇಸ್ ಮೈಗ್ರೇಷನ್ (ಡೇಟಾಬೇಸ್‌ನ ರಚನೆ ಬದಲಿಸುವುದು) ಮಾತ್ರ ಶೆಲ್‌ನಲ್ಲೇ ಇರಲಿ. ಒಂದೇ ಸಲ ಓಡಲಿ ಅಂತ ಅದಕ್ಕೆ ರನ್ ಒನ್ಸ್ ಹಾಕಿದ್ದೇನೆ.

ಬಯಲುಸೀಮೆ:
ಇರಲಿ, ತೊಂದರೆ ಇಲ್ಲ. ಸೀರಿಯಲ್ ಕೊಟ್ಟು ಎರಡೆರಡೇ ಸರ್ವರ್ ಮಾಡುತ್ತೀರಾ? ಹಾಗಾದರೆ ರನ್ ಒನ್ಸ್ ಪ್ರತಿ ಬ್ಯಾಚ್‌ಗೂ ಒಂದು ಸಲ ಓಡುತ್ತದೆ. ನಿಮ್ಮ 12 ಸರ್ವರ್‌ಗೆ ಮೈಗ್ರೇಷನ್ ಆರು ಸಲ. ಅದನ್ನು ಬೇರೆ ಪ್ಲೇ ಮಾಡಿ ಮೊದಲೇ ಇಡಿ.